ಎಚ್ ಕಂಬಗಳ ಕೆಳಗಿನ ಬಲೆ

ನ್ಯೂಯಾರ್ಕಿನ ಒಂದನೆಯ ನಂಬರಿನ ರೈಲು ಮ್ಯಾನ್‌ಹಟನ್ನಿನ ನೆಲದೊಳಗೆ ಬಹುದೂರ ಓಡಿ, ಬ್ರಾಂಕ್ಸ್ ತಲುಪುವ ಹೊತ್ತಿಗೆ ಕಬ್ಬಿಣದ ಕಂಬಗಳ ಮೇಲೇರಿ, ಬ್ರಾಡ್‌ವೇ ಬೀದಿಯ ನೆತ್ತಿಯ ಮೇಲೆ ಗಡಗಡ ಸದ್ದು ಮಾಡುತ್ತ ಸಾಗುತ್ತದೆ. ಕೊನೆಯ ನಿಲ್ದಾಣ 242ನೆಯ ಬೀದಿ. ಇಳಿದರೆ ಎದುರಿಗೇ ವ್ಯಾನ್ ಕೋರ್ಟ್‌ಲ್ಯಾಂಡ್ ಪಾರ್ಕು. ಬೇಸಿಗೆಯ ಶನಿವಾರ, ಭಾನುವಾರಗಳಲ್ಲಿ ಅಲ್ಲಿ ಒಂದರ ಪಕ್ಕ ಒಂದರಂತೆ ಕ್ರಿಕೆಟ್ ಪಂದ್ಯಗಳು ನಡೆಯುತ್ತವೆ. ಜಮೈಕಾದವರು, ಗಯಾನಾದವರು, ಪಂಜಾಬಿಗಳು, ಬಾಂಗ್ಲಾದವರು, ಇವರೆಲ್ಲರ ನಡುವೆ ನಮ್ಮಂಥ ಕೆಲವರು. ಹಲವು ವರ್ಷ ನಾನು ಬ್ಯಾಟು, ಪ್ಯಾಡು ತುಂಬಿದ ಉದ್ದನೆಯ ಚೀಲವನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಅದೇ ರೈಲಿನಲ್ಲಿ ಹೋಗುತ್ತಿದ್ದೆ. 238ನೆಯ ಬೀದಿ ದಾಟಿ ರೈಲು ನಿಧಾನವಾಗುವಾಗ ಎಡಗಡೆಯ ಕಿಟಕಿಯಲ್ಲಿ, ರೈಲುಗಳು ತಂಗುವ ಡಿಪೋಗೆ ಅಂಟಿಕೊಂಡಂತೆ ಒಂದು ಮೈದಾನ ಕಾಣುತ್ತಿತ್ತು. ಎರಡು ತುದಿಗಳಲ್ಲೂ ಇಂಗ್ಲಿಷಿನ ಎಚ್ ಅಕ್ಷರದಂಥ ಎತ್ತರದ ಕಂಬಗಳು. ರಗ್ಬಿ ಇರಬೇಕೆಂದು ನಾನು ಅಂದುಕೊಂಡಿದ್ದೆ. ಆದರೆ ಆ ಎಚ್‌ನ ಅಡ್ಡಪಟ್ಟಿಯ ಕೆಳಗೆ ಫುಟ್‌ಬಾಲ್ ಗೋಲಿಗೆ ಕಟ್ಟುವಂಥ ಬಲೆ ಇರುತ್ತಿತ್ತು. ರಗ್ಬಿಗೆ ಬಲೆ ಏಕೆ ಎಂಬ ಪ್ರಶ್ನೆ ಪ್ರತಿ ಭಾನುವಾರ ಹತ್ತು ಸೆಕೆಂಡುಗಳ ಕಾಲ ನನ್ನನ್ನು ಕಾಡಿ, ರೈಲು ನಿಂತೊಡನೆ ಮರೆತುಹೋಗುತ್ತಿತ್ತು.

ಅರಸೀಕೆರೆ ಜಂಕ್ಷನ್ನಿನ ಪಕ್ಕ ಬೆಳೆದವನಿಗೆ ರೈಲಿನ ಕಿಟಕಿಯಿಂದ ಕಂಡದ್ದನ್ನು ಇಳಿದು ನೋಡಬೇಕೆನ್ನಿಸುವುದು ಅಪರೂಪ. ಅದು ಕಂಡು ಮರೆಯಾಗುವುದಕ್ಕೇ ಇರುವುದೆಂದು ನಾವು ಚಿಕ್ಕಂದಿನಲ್ಲೇ ಒಪ್ಪಿಕೊಂಡುಬಿಟ್ಟಿರುತ್ತೇವೆ. ನಾನು ಆ ಮೈದಾನದೊಳಗೆ ಕಾಲಿಟ್ಟದ್ದು ಕುತೂಹಲದಿಂದಲ್ಲ, ಎದುರಾಳಿ ತಂಡ ಬಾರದೆ ನಮ್ಮ ಪಂದ್ಯ ರದ್ದಾದದ್ದರಿಂದ. ಜುಲೈ ತಿಂಗಳ ಒಂದು ಭಾನುವಾರ. ಮನೆಗೆ ಹಿಂದಿರುಗಲು ಮನಸ್ಸಾಗದೆ ಎರಡು ಬೀದಿ ಹಿಂದಕ್ಕೆ ನಡೆದು, ಬಾಗಿಲಲ್ಲಿ ಟಿಕೆಟ್ಟಿನ ಹಣ ಕೊಟ್ಟು, ಚೀಲ ಹೊತ್ತುಕೊಂಡೇ ಒಳಗೆ ಹೋದೆ. ಅದು ಗೇಲಿಕ್ ಪಾರ್ಕ್ ಎಂದೂ, ಅಲ್ಲಿ ಆಡುವುದು ಗೇಲಿಕ್ ಫುಟ್‌ಬಾಲ್ ಮತ್ತು ಕೋಲಿನಿಂದ ಚೆಂಡು ಹೊಡೆಯುವ ಹರ್ಲಿಂಗ್ ಎಂದೂ, ಐರ್ಲೆಂಡಿನಿಂದ ಬಂದವರ ಪಾಲಿಗೆ ಅದು ಸುಮಾರು ಒಂದು ಶತಮಾನದಿಂದ ಊರಬಾಗಿಲಿದ್ದಂತೆ ಎಂದೂ ಗೊತ್ತಾದದ್ದು ಆಮೇಲೆ.

ಪಕ್ಕದಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕುಳಿತಿದ್ದರು. ಆಟ ನನಗೆ ಅರ್ಥವಾಗುತ್ತಿಲ್ಲವೆಂಬುದು ಅವರಿಗೆ ನನ್ನ ಮುಖ ನೋಡಿಯೇ ತಿಳಿದಿರಬೇಕು. ಕೇಳದೆಯೇ ವಿವರಿಸಲು ಶುರುಮಾಡಿದರು. ಒಂದೊಂದು ಕಡೆಗೆ ಹದಿನೈದು ಜನ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಆದರೆ ನಾಲ್ಕು ಹೆಜ್ಜೆಗಿಂತ ಹೆಚ್ಚು ಒಯ್ಯುವಂತಿಲ್ಲ. ಅಷ್ಟರೊಳಗೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲ್ಬೆರಳ ತುದಿಯಿಂದ ಒದ್ದು ಮತ್ತೆ ತನ್ನದೇ ಕೈಗೆ ತಂದುಕೊಳ್ಳಬೇಕು. ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಪಾಯಿಂಟು, ಕೆಳಗಿನ ಬಲೆಗೆ ಬಿದ್ದರೆ ಗೋಲು, ಗೋಲಿಗೆ ಮೂರು ಪಾಯಿಂಟು. ಹೀಗೆ ನನ್ನ ಬಲೆಯ ಒಗಟು ಒಡೆಯಿತು. ಇಷ್ಟು ಹೇಳಿದ ಮೇಲೆ ಅವರು ನನ್ನ ಚೀಲವನ್ನು ನೋಡಿ ಅದರಲ್ಲೇನಿದೆ ಎಂದು ಕೇಳಿದರು. ಕ್ರಿಕೆಟ್ ಬ್ಯಾಟು ಎಂದೆ. ಅವರು ಬಹಳ ಹೊತ್ತು ನಕ್ಕರು. ‘1970ಕ್ಕೆ ಮುಂಚೆ ಇದನ್ನು ಹಿಡಿದು ಇಲ್ಲಿ ಕುಳಿತಿದ್ದರೆ ನಿಮ್ಮನ್ನು ಏನೂ ಅನ್ನುತ್ತಿರಲಿಲ್ಲ, ಪಕ್ಕದಲ್ಲಿ ಕುಳಿತ ನನ್ನನ್ನು ವಿಚಾರಣೆಗೆ ಕರೆಯುತ್ತಿದ್ದರು’ ಎಂದರು.

ಇದು ಪೂರ್ತಿ ತಮಾಷೆಯೇನಲ್ಲ. 1884ರ ನವೆಂಬರ್ 1ರಂದು ಟಿಪರರಿ ಕೌಂಟಿಯ ಥರ್ಲ್ಸ್ ಊರಿನ ಹೋಟೆಲೊಂದರಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಇಂಗ್ಲಿಷರ ಆಟಗಳೆಂದು ಕ್ರಿಕೆಟ್, ರಗ್ಬಿ, ಸಾಕರ್ (ನಾವು ಫುಟ್‌ಬಾಲ್ ಎನ್ನುವ ಆಟ), ಹಾಕಿಗಳನ್ನು ತನ್ನ ಸದಸ್ಯರಿಗೆ ನಿಷೇಧಿಸಿತ್ತು. ಆಡುವುದಷ್ಟೇ ಅಲ್ಲ, ನೋಡುವುದೂ ತಪ್ಪಾಗಿತ್ತು. ಐರ್ಲೆಂಡಿನ ಮೊದಲ ರಾಷ್ಟ್ರಪತಿ ಡಗ್ಲಸ್ ಹೈಡ್ 1938ರಲ್ಲಿ ಪೋಲೆಂಡಿನ ಎದುರಿನ ಸಾಕರ್ ಪಂದ್ಯಕ್ಕೆ ಹೋದರೆಂಬ ಕಾರಣಕ್ಕೆ ಸಂಸ್ಥೆ ಅವರನ್ನು ಪೋಷಕ ಸ್ಥಾನದಿಂದಲೇ ಇಳಿಸಿತು. ಐರಿಷ್ ಭಾಷೆಯನ್ನು ಉಳಿಸಲು ಜೀವನವನ್ನೇ ಸವೆಸಿದ ಮನುಷ್ಯನನ್ನು! ನಿಷೇಧ ರದ್ದಾದದ್ದು 1971ರಲ್ಲಿ. ಸಂಸ್ಥೆಯನ್ನು ಕಟ್ಟಿದ ಮೈಕಲ್ ಕ್ಯೂಸಕ್ ಸ್ವತಃ ಒಂದು ಕಾಲದಲ್ಲಿ ಕ್ರಿಕೆಟ್ ಆಡಿದವರು ಎಂಬುದನ್ನು ಓದಿದಾಗ ನನ್ನ ಚೀಲದ ಭಾರ ಸ್ವಲ್ಪ ಇಳಿದಂತಾಯಿತು.

ಅಂದು ಹಿರಿಯರು ಕೇಳಿದ ಇನ್ನೊಂದು ಪ್ರಶ್ನೆಯೇ ಈ ಬರಹಕ್ಕೆ ಕಾರಣ. ‘ನಿಮ್ಮದು ಯಾವ ಊರು?’ ಬೆಂಗಳೂರು ಎಂದೆ, ಹೊರದೇಶದಲ್ಲಿ ನಾವೆಲ್ಲ ಹಾಗೇ ಹೇಳುವುದು. ಅವರು ತಲೆಯಾಡಿಸಿ, ‘ಅದು ಕೆಲಸ ಮಾಡುವ ಊರು, ಹುಟ್ಟಿದ್ದು?’ ಎಂದರು. ಅಷ್ಟು ವರ್ಷಗಳಲ್ಲಿ ಕನ್ನಡಿಗರಲ್ಲದವರು ಯಾರೂ ನನ್ನನ್ನು ಆ ಎರಡನೆಯ ಪ್ರಶ್ನೆ ಕೇಳಿರಲಿಲ್ಲ. ಅರಸೀಕೆರೆ ಎಂಬ ಹೆಸರನ್ನು ಅವರು ಎರಡು ಸಲ ಉಚ್ಚರಿಸಲು ಪ್ರಯತ್ನಿಸಿ ಕೈಬಿಟ್ಟರು. ತಮ್ಮದು ಲೀಟ್ರಿಮ್ ಕೌಂಟಿ ಎಂದರು. 1961ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ ಬಂದವರು.

ಊರಿನ ಹೆಸರು ಹೊತ್ತ ತಂಡಗಳು

ನ್ಯೂಯಾರ್ಕಿನಲ್ಲಿ ಗೇಲಿಕ್ ಆಟಗಳ ಸಂಘಟನೆ 1914ರಲ್ಲಿ ರೂಪುಗೊಂಡಿತು. ಅದಕ್ಕೂ ಮುಂಚಿನ ಒಂದು ಪ್ರಸಂಗ ನನಗೆ ಬಹಳ ಇಷ್ಟ. 1888ರಲ್ಲಿ ಹಣ ಸಂಗ್ರಹಿಸುವ ಉದ್ದೇಶದಿಂದ ಸುಮಾರು ಐವತ್ತು ಆಟಗಾರರ ತಂಡವೊಂದು ಐರ್ಲೆಂಡಿನಿಂದ ಅಮೆರಿಕಕ್ಕೆ ಹಡಗು ಹತ್ತಿತು. ಹವಾಮಾನ ಕೈಕೊಟ್ಟಿತು, ಇಲ್ಲಿನ ಕ್ರೀಡಾ ಸಂಸ್ಥೆಗಳ ಒಳಜಗಳದಲ್ಲಿ ಜನ ಸೇರಲಿಲ್ಲ, ತಂಡ ಸಾಲದಲ್ಲಿ ಮುಳುಗಿತು. ಹಿಂದಿರುಗುವುದಕ್ಕೇ ಐರ್ಲೆಂಡಿನ ರೈತ ಹೋರಾಟದ ನಾಯಕ ಮೈಕಲ್ ಡೇವಿಟ್ 450 ಪೌಂಡು ಕೈಗಡ ಕೊಡಬೇಕಾಯಿತು. ಹಡಗು ಹತ್ತುವ ಹೊತ್ತಿಗೆ ಎಣಿಸಿದರೆ ಹಲವರು ನಾಪತ್ತೆ. ಅವರು ಇಲ್ಲೇ ಉಳಿದುಬಿಟ್ಟಿದ್ದರು. ದೇಣಿಗೆ ಎತ್ತಲು ಹೋದವರು ಸಾಲ ಹೊತ್ತು, ಆಟಗಾರರನ್ನೂ ಕಳೆದುಕೊಂಡು ಬಂದರು. ಈ ಊರಿನ ಗೇಲಿಕ್ ಆಟದ ಇತಿಹಾಸವನ್ನೆಲ್ಲ ಆ ಒಂದು ಪ್ರವಾಸದಲ್ಲೇ ಓದಬಹುದು ಎಂದು ನನಗೆ ಅನ್ನಿಸುತ್ತದೆ: ಯಾರೋ ಆಡಲು ಬರುತ್ತಾರೆ, ಉಳಿಯುತ್ತಾರೆ, ಅಲ್ಲಿಯ ತಂಡಕ್ಕೆ ಒಬ್ಬ ಕಡಿಮೆಯಾಗುತ್ತಾನೆ, ಇಲ್ಲಿಯ ತಂಡಕ್ಕೆ ಒಬ್ಬ ಸೇರುತ್ತಾನೆ.

ಇಲ್ಲಿಯ ಕ್ಲಬ್ಬುಗಳ ಹೆಸರುಗಳನ್ನು ಕೇಳಿದರೆ ಐರ್ಲೆಂಡಿನ ಭೂಪಟವನ್ನೇ ಓದಿದಂತಾಗುತ್ತದೆ. ಕೆರ್ರಿ, ಕ್ಯಾವನ್, ಲೀಟ್ರಿಮ್, ಸ್ಲೈಗೋ, ಕಾರ್ಕ್. ಐರ್ಲೆಂಡಿನಲ್ಲಿ ಕ್ಲಬ್ ಎಂದರೆ ಒಂದು ಚರ್ಚಿನ ಸುತ್ತಲಿನ ಹಳ್ಳಿಗಳದ್ದು. ಹಡಗಿಳಿದವರಿಗೆ ಅಷ್ಟು ಸಣ್ಣ ಗುರುತು ಸಾಲದೆ ಜಿಲ್ಲೆಯಷ್ಟು ಅಗಲದ ಕೌಂಟಿಯೇ ಇಲ್ಲಿ ಕ್ಲಬ್ಬಾಯಿತು. ಹೊಸದಾಗಿ ಬಂದ ಹುಡುಗ ಮೊದಲ ಭಾನುವಾರವೇ ತನ್ನ ಕೌಂಟಿಯ ತಂಡವನ್ನು ಹುಡುಕಿಕೊಂಡು ಮೈದಾನಕ್ಕೆ ಬರುತ್ತಿದ್ದ. ಆಡಬಲ್ಲವನಾದರೆ ಸರಿಯೇ ಸರಿ. ಆಡದಿದ್ದರೂ ಸೋಮವಾರದ ಕೆಲಸ, ಬಾಡಿಗೆಗೊಂದು ಕೋಣೆ, ಒಮ್ಮೊಮ್ಮೆ ಮದುವೆಯಾಗುವ ಹುಡುಗಿ ಕೂಡ ಅಲ್ಲೇ ಗೊತ್ತಾಗುತ್ತಿದ್ದವು. ಪಂದ್ಯ ಮುಗಿದ ಮೇಲೆ ಮೈದಾನದ ಪಕ್ಕದ ಹಾಲಿನಲ್ಲಿ ಕುಣಿತ ನಡೆಯುತ್ತಿತ್ತು. ಕಟ್ಟಡದ ಕೆಲಸ, ಸುರಂಗ ಅಗೆಯುವ ಕೆಲಸ, ರೈಲಿನ ಕೆಲಸ, ಎಲ್ಲ ಕಡೆ ಮೇಸ್ತ್ರಿ ಯಾವ ಕೌಂಟಿಯವನೆಂಬುದು ಮುಖ್ಯವಾಗಿತ್ತು. ಮೈದಾನದ ಮಗ್ಗುಲಲ್ಲಿ ಓಡುವ ಆ ರೈಲನ್ನು ನಡೆಸುತ್ತಿದ್ದವರಲ್ಲಿ ಐರಿಷರು ಎಷ್ಟು ಜನರಿದ್ದರೆಂದರೆ, 1934ರಲ್ಲಿ ಅವರು ಸಾರಿಗೆ ನೌಕರರ ಸಂಘ ಕಟ್ಟಿದಾಗ ಮುಂದಾಳಾದವರು ಕೆರ್ರಿಯ ಮೈಕ್ ಕ್ವಿಲ್. 1966ರ ಜನವರಿಯಲ್ಲಿ ಹನ್ನೆರಡು ದಿನ ಇಡೀ ನ್ಯೂಯಾರ್ಕನ್ನು ನಡೆಸಿಬಿಟ್ಟ, ಅಂದರೆ ಅಕ್ಷರಶಃ ಕಾಲ್ನಡಿಗೆಗೆ ಇಳಿಸಿದ ಮುಷ್ಕರ ಅವರದೇ.

ಮೈದಾನದ ಕಥೆ ಅಷ್ಟು ಸುಗಮವಾದದ್ದಲ್ಲ. 1926ರಲ್ಲಿ ಸಂಘಟನೆ 240ನೆಯ ಬೀದಿಯ ಈ ಜಾಗವನ್ನು ಕೊಂಡು ಇನ್ನಿಸ್‌ಫೇಲ್ ಪಾರ್ಕ್ ಎಂದು ಹೆಸರಿಟ್ಟಿತು. ಐರ್ಲೆಂಡಿಗೆ ಕವಿಗಳು ಇಟ್ಟ ಹೆಸರು ಅದು. 1930ರ ದಶಕದ ಆರ್ಥಿಕ ಕುಸಿತದಲ್ಲಿ ದಿವಾಳಿಯಾಗಿ ಜಾಗ ನಗರದ ಪಾಲಾಯಿತು. 1941ರಲ್ಲಿ ಜಾನ್ ‘ಕೆರ್ರಿ’ ಓಡಾನಲ್ ಅದನ್ನು ಗುತ್ತಿಗೆಗೆ ಹಿಡಿದರು. ಮುಂದಿನ ನಲವತ್ತು, ಐವತ್ತು ವರ್ಷ ನ್ಯೂಯಾರ್ಕಿನ ಗೇಲಿಕ್ ಆಟ ಎಂದರೆ ಅವರೇ ಎನ್ನುವಂತಾಯಿತು: ಮೈದಾನ ಅವರದು, ಬಾರು ಅವರದು, ಕುಣಿತದ ಹಾಲು ಅವರದು, ಡಬ್ಲಿನ್ನಿನ ಪ್ರಧಾನ ಕಚೇರಿಯೊಡನೆ ವರ್ಷಗಟ್ಟಲೆ ನಡೆದ ಜಗಳವೂ ಅವರದೇ. ಒಬ್ಬರ ಕೈಯಲ್ಲಿ ಸಂಘ ಅಷ್ಟು ಕಾಲ ಇರುವುದು ಒಳ್ಳೆಯದೇ ಎಂದು ಕೇಳಿದರೆ ನನ್ನ ಪಕ್ಕದ ಹಿರಿಯರು, ‘ಒಳ್ಳೆಯದಲ್ಲ, ಆದರೆ ಆ ಮನುಷ್ಯ ಇಲ್ಲದಿದ್ದರೆ ಇಲ್ಲಿ ಈಗ ಅಪಾರ್ಟ್‌ಮೆಂಟ್ ಇರುತ್ತಿತ್ತು’ ಎಂದರು. ನಮ್ಮ ಸಂಘಸಂಸ್ಥೆಗಳನ್ನು ಬಲ್ಲವರಿಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. 1991ರಲ್ಲಿ ಹತ್ತಿರದ ಮ್ಯಾನ್‌ಹಟನ್ ಕಾಲೇಜು ಗುತ್ತಿಗೆಯನ್ನು ಪಡೆದುಕೊಂಡಿತು. ಹಳೆಯ ದೂಳಿನ ನೆಲದ ಮೇಲೆ ಈಗ ಕೃತಕ ಹುಲ್ಲು ಹಾಸಿದೆ.

ಐದು ನಿಮಿಷ ಹೆಚ್ಚು

ಹಿರಿಯರಿಗೆ ನ್ಯೂಯಾರ್ಕ್ ಎಂಬ ಊರಿನ ಪರಿಚಯವಾದದ್ದು ಆರನೆಯ ವಯಸ್ಸಿನಲ್ಲಿ, ಕಿವಿಯ ಮೂಲಕ. ವಿದ್ಯುತ್ತು ಇನ್ನೂ ಬಾರದ ಅವರ ಹಳ್ಳಿಯಲ್ಲಿ ಒಂದು ಮನೆಯಲ್ಲಿ ಮಾತ್ರ ಬ್ಯಾಟರಿಯಿಂದ ನಡೆಯುವ ರೇಡಿಯೊ ಇತ್ತಂತೆ. 1947ರ ಸೆಪ್ಟೆಂಬರ್ 14ರ ರಾತ್ರಿ ಊರೆಲ್ಲ ಆ ಮನೆಯ ಅಂಗಳದಲ್ಲಿ ಕುಳಿತಿತ್ತು. ಅಖಿಲ ಐರ್ಲೆಂಡ್ ಗೇಲಿಕ್ ಫುಟ್‌ಬಾಲ್ ಫೈನಲ್ ಅದುವರೆಗೆ ಮತ್ತು ಅಲ್ಲಿಂದೀಚೆಗೆ ಐರ್ಲೆಂಡಿನ ಹೊರಗೆ ನಡೆದದ್ದು ಆ ಒಂದೇ ಸಲ, ಮ್ಯಾನ್‌ಹಟನ್ನಿನ ಪೋಲೋ ಗ್ರೌಂಡ್ಸ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ. ಅದು ಐರ್ಲೆಂಡಿನ ಮಹಾಕ್ಷಾಮದ ಅತ್ಯಂತ ಕೆಟ್ಟ ವರ್ಷವಾದ 1847ರ ನೂರನೆಯ ವರ್ಷ; ಹಸಿವೆಯಿಂದ ಹಡಗು ಹತ್ತಿದವರ ಮಕ್ಕಳು, ಮೊಮ್ಮಕ್ಕಳಿಗಾಗಿ ಫೈನಲ್ಲನ್ನೇ ಕಡಲಾಚೆ ಒಯ್ಯಬೇಕೆಂದು ಕ್ಲೇರ್ ಕೌಂಟಿಯ ಪಾದ್ರಿ ಹ್ಯಾಮಿಲ್ಟನ್ ಪಟ್ಟು ಹಿಡಿದರು. ಮಹಾಸಭೆಯಲ್ಲಿ ವಲಸಿಗನೊಬ್ಬನ ಪತ್ರ ಓದಿದಾಗ ಸಭಿಕರ ಕಣ್ಣು ಒದ್ದೆಯಾಯಿತಂತೆ. ಆ ಪತ್ರ ನಿಜವಾದದ್ದೋ, ಸಭೆಗೆಂದೇ ಬರೆಸಿದ್ದೋ ಎಂಬ ಗುಮಾನಿಯನ್ನು ಜನ ಇಂದಿಗೂ ನಗುನಗುತ್ತಲೇ ಹೇಳುತ್ತಾರೆ.

ಕ್ಯಾವನ್ ಮತ್ತು ಕೆರ್ರಿ ತಂಡಗಳಲ್ಲಿ ಕೆಲವರು ಹಡಗಿನಲ್ಲಿ, ಉಳಿದವರು ಅಜೋರ್ಸ್ ದ್ವೀಪಗಳ ದಾರಿಯಾಗಿ ಒಂದು ದಿನವನ್ನೂ ಮೀರಿದ ವಿಮಾನ ಪ್ರಯಾಣದಲ್ಲಿ ಬಂದರು. ಚೆಂಡನ್ನು ಎಸೆದು ಪಂದ್ಯ ಆರಂಭಿಸಿದವರು ನ್ಯೂಯಾರ್ಕಿನ ಮೇಯರ್ ವಿಲಿಯಂ ಓಡ್ವೈಯರ್. ಅವರೂ ಮೇಯೋ ಕೌಂಟಿಯ ಬೊಹೋಲಾದಲ್ಲಿ ಹುಟ್ಟಿದವರು. ಸುಡುವ ಬಿಸಿಲು, ಕಲ್ಲಿನಂಥ ನೆಲ, ಬೇಸ್‌ಬಾಲ್ ಎಸೆತಗಾರನಿಗಾಗಿ ಮಾಡಿದ ಮಣ್ಣಿನ ದಿಬ್ಬ ಮೈದಾನದಲ್ಲಿ ಹಾಗೇ ಉಳಿದಿತ್ತು. ನೋಡಲು ಬಂದವರು ಮೂವತ್ತನಾಲ್ಕು ಸಾವಿರಕ್ಕೂ ಹೆಚ್ಚು ಜನ. ವೀಕ್ಷಕ ವಿವರಣೆ ಕೊಡುತ್ತಿದ್ದ ಮೈಕಲ್ ಓಹೇಹಿರ್ ಅವರಿಗೆ ರೇಡಿಯೊ ಸಂಪರ್ಕವನ್ನು ಕಾಯ್ದಿರಿಸಿದ್ದು ಸಂಜೆ ಐದರವರೆಗೆ ಮಾತ್ರ. ಮೆರವಣಿಗೆ, ಪರಿಚಯಗಳಲ್ಲಿ ಹೊತ್ತು ಜಾರಿ, ಪಂದ್ಯ ಮುಗಿಯುವ ಮುನ್ನವೇ ಗಂಟೆ ಐದಾಗುವಂತಿತ್ತು. ಓಹೇಹಿರ್ ವಿವರಣೆಯ ನಡುವೆಯೇ, ದಾರಿಯಲ್ಲಿ ಯಾರಾದರೂ ಕೇಳಿಸಿಕೊಳ್ಳುತ್ತಿದ್ದರೆ ದಯವಿಟ್ಟು ಸಂಪರ್ಕ ಕಡಿಯಬೇಡಿ, ಇನ್ನು ಐದು ನಿಮಿಷ ಕೊಡಿ ಎಂದು ಬೇಡಿಕೊಂಡರು. ಯಾರೋ ಕೇಳಿಸಿಕೊಂಡರು. ಕ್ಯಾವನ್ 2 ಗೋಲು 11 ಪಾಯಿಂಟು, ಕೆರ್ರಿ 2 ಗೋಲು 7 ಪಾಯಿಂಟು. ಲೀಟ್ರಿಮ್‌ಗೆ ಕ್ಯಾವನ್ ಮಗ್ಗುಲಿನ ಕೌಂಟಿ, ಆದ್ದರಿಂದ ಅಂಗಳದಲ್ಲಿದ್ದವರೆಲ್ಲ ಗೆದ್ದಷ್ಟೇ ಸಂತೋಷಪಟ್ಟರಂತೆ. ‘ಆದರೆ ನನಗೆ ನೆನಪಿರುವುದು ಗೋಲಲ್ಲ’ ಎಂದರು ಹಿರಿಯರು. ‘ಆ ಐದು ನಿಮಿಷದಲ್ಲಿ ದೊಡ್ಡವರೆಲ್ಲ ರೇಡಿಯೊ ಕಡೆಗೆ ಬಗ್ಗಿದ್ದರು. ಅಮೆರಿಕವನ್ನು ಎಲ್ಲರೂ ಕೈಯಿಂದ ಹಿಡಿದುಕೊಂಡ ಹಾಗೆ.’

ಒಂದು ಕಾಯಿದೆ, ಎರಡು ಬಾಗಿಲು

ಕ್ಲಬ್ಬಿನ ಇತಿಹಾಸ ಎಂದರೆ ಯಾರು ಯಾವ ವರ್ಷ ಕಪ್ ಗೆದ್ದರೆಂಬ ಪಟ್ಟಿ ಎಂದು ನಾನೂ ಅಂದುಕೊಂಡಿದ್ದೆ. ಗೇಲಿಕ್ ಪಾರ್ಕಿನ ಹಿಂದುಮುಂದನ್ನು ಓದುತ್ತ ಹೋದ ಮೇಲೆ, ಪರದೇಶದ ಕ್ಲಬ್ಬಿನ ಆಟಗಾರರ ಪಟ್ಟಿಯನ್ನು ತಯಾರಿಸುವುದು ತರಬೇತುದಾರನಲ್ಲ, ವಲಸೆ ಕಾಯಿದೆ ಎಂಬುದು ಸ್ಪಷ್ಟವಾಗುತ್ತ ಬಂತು. ಆ ಕಾಯಿದೆಯ ಪುಟಗಳಲ್ಲಿ ನನ್ನದೇ ಕಥೆ ಎದುರಾಗುತ್ತದೆಂದು ಮಾತ್ರ ನಿರೀಕ್ಷಿಸಿರಲಿಲ್ಲ.

1920ರ ದಶಕದಲ್ಲಿ ಅಮೆರಿಕ ದೇಶಕ್ಕಿಷ್ಟು ಎಂದು ವಲಸಿಗರ ಪಾಲು ನಿಗದಿ ಮಾಡಿತು. 1929ರಿಂದ ಐರ್ಲೆಂಡಿಗೆ ಸಿಕ್ಕಿದ ಪಾಲು ವರ್ಷಕ್ಕೆ 17,853. ಭಾರತ 1917ರ ಕಾಯಿದೆಯ ಪ್ರಕಾರ ನಿಷೇಧಿತ ವಲಯದೊಳಗಿತ್ತು. 1923ರಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ಪೌರತ್ವಕ್ಕೇ ಅರ್ಹರಲ್ಲವೆಂದು ತೀರ್ಪು ಕೊಟ್ಟಿತು. 1946ರಲ್ಲಿ ಕನಿಕರ ಹುಟ್ಟಿ ನಮಗೆ ವರ್ಷಕ್ಕೆ 100 ಜನರ ಪಾಲು ಸಿಕ್ಕಿತು. ಮೂವತ್ತು ಲಕ್ಷ ಜನಸಂಖ್ಯೆಯ ದೇಶಕ್ಕೆ ಹದಿನೇಳು ಸಾವಿರ, ಒಂದು ಉಪಖಂಡಕ್ಕೆ ನೂರು. ಹಿರಿಯರು ಬಂದ 1961ರಲ್ಲೂ ಲೆಕ್ಕ ಸುಮಾರಾಗಿ ಹೀಗೇ ಇತ್ತು. 1950ರ ದಶಕವೊಂದರಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಐರ್ಲೆಂಡ್ ಬಿಟ್ಟಿದ್ದರು. ಬಹುಪಾಲು ಜನ ಇಂಗ್ಲೆಂಡಿಗೆ ಹೋದರೂ, ಮಿಕ್ಕವರಲ್ಲಿ ಒಂದಷ್ಟು ಜನ ಬಂದರೆ ಸಾಕಾಗಿತ್ತು, ಗೇಲಿಕ್ ಪಾರ್ಕ್ ಭಾನುವಾರಗಳಲ್ಲಿ ತುಂಬಿ ತುಳುಕುತ್ತಿತ್ತು. ಆ ಕಾಲದಲ್ಲಿ ನ್ಯೂಯಾರ್ಕ್ ತಂಡ ಐರ್ಲೆಂಡಿನ ಶ್ರೇಷ್ಠ ತಂಡಗಳನ್ನೇ ಸೋಲಿಸುತ್ತಿತ್ತು. ಐರ್ಲೆಂಡಿನ ರಾಷ್ಟ್ರೀಯ ಲೀಗನ್ನು 1950, 1964 ಮತ್ತು 1967ರಲ್ಲಿ ಗೆದ್ದದ್ದು ನ್ಯೂಯಾರ್ಕ್.

ಆಮೇಲೆ ಆ ಗೆಲುವುಗಳು ನಿಂತವು. ಕಾರಣ ಮೈದಾನದಲ್ಲಿರಲಿಲ್ಲ. 1963ರಲ್ಲಿ ಈ ದೇಶವಾರು ಪಾಲುಗಳನ್ನು ರದ್ದುಮಾಡಲು ಪ್ರಸ್ತಾವ ಮುಂದಿಟ್ಟವರು ಅಧ್ಯಕ್ಷ ಜಾನ್ ಕೆನಡಿ, ವೆಕ್ಸ್‌ಫರ್ಡ್ ಕೌಂಟಿಯಿಂದ ಬಂದ ವಲಸಿಗನ ವಂಶದವರು. ಅವರ ಹತ್ಯೆಯ ನಂತರ ಸೆನೆಟ್ಟಿನಲ್ಲಿ ಮಸೂದೆಯನ್ನು ದಡ ಮುಟ್ಟಿಸಿದವರು ತಮ್ಮ ಎಡ್ವರ್ಡ್ ಕೆನಡಿ. ಕೆಳಮನೆಯಲ್ಲಿ ಅದರ ಹಿಂದೆ ನಿಂತವರು ಬ್ರೂಕ್ಲಿನ್ನಿನ ಇಮ್ಯಾನುಯೆಲ್ ಸೆಲ್ಲರ್, 1946ರಲ್ಲಿ ನಮಗೆ ಆ ನೂರರ ಪಾಲನ್ನು ಕೊಡಿಸಿದ ಮಸೂದೆಯಲ್ಲೂ ಇವರದೇ ಹೆಸರು. 1965ರ ಅಕ್ಟೋಬರ್ 3ರಂದು ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕುಳಿತು ಸಹಿ ಹಾಕಿದರು. ಇನ್ನು ಮುಂದೆ ದೇಶ ಮುಖ್ಯವಲ್ಲ. ಹತ್ತಿರದ ಸಂಬಂಧಿಕರು ಇಲ್ಲಿರಬೇಕು, ಇಲ್ಲವೇ ಬೇಡಿಕೆಯಿರುವ ವಿದ್ಯೆ ಇರಬೇಕು. ನ್ಯಾಯವಾದ ಕಾಯಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಲೀಟ್ರಿಮ್‌ನ ಇಪ್ಪತ್ತರ ಹುಡುಗನಿಗೆ ಇಲ್ಲಿ ಇದ್ದದ್ದು ದೊಡ್ಡಪ್ಪನ ಮಗನೋ ಅತ್ತೆಯೋ, ಅದು ಲೆಕ್ಕಕ್ಕೆ ಬರಲಿಲ್ಲ. ಅವನಿಗೆ ಗೊತ್ತಿದ್ದ ಕೆಲಸ ಪಟ್ಟಿಯಲ್ಲಿರಲಿಲ್ಲ. ಅದೇ ಬಾಗಿಲಿನಲ್ಲಿ ನಮ್ಮ ವೈದ್ಯರು, ಎಂಜಿನಿಯರುಗಳು ಒಳಗೆ ಬಂದರು. 1970ರ ದಶಕದಿಂದೀಚೆಗೆ ಅಮೆರಿಕದ ಊರೂರಲ್ಲಿ ಕನ್ನಡ ಕೂಟಗಳು ಹುಟ್ಟಿಕೊಂಡದ್ದಕ್ಕೂ, ಅದೇ ಹೊತ್ತಿಗೆ ಗೇಲಿಕ್ ಪಾರ್ಕಿನ ಬೆಂಚುಗಳು ಖಾಲಿಯಾಗತೊಡಗಿದ್ದಕ್ಕೂ ಕಾರಣ ಒಂದೇ ಕಾಗದ. ಇದನ್ನು ಹಿರಿಯರಿಗೆ ಹೇಳಿದಾಗ ಅವರು ಸ್ವಲ್ಪವೂ ಬೇಸರಪಟ್ಟುಕೊಳ್ಳದೆ, ‘ಹಾಗಾದರೆ ನಮ್ಮ ಸೆಂಟರ್ ಫಾರ್ವರ್ಡಿನ ಜಾಗದಲ್ಲಿ ನೀವು ಬಂದದ್ದು’ ಎಂದರು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1980ರ ದಶಕದಲ್ಲಿ ಐರ್ಲೆಂಡಿನಲ್ಲಿ ಮತ್ತೆ ನಿರುದ್ಯೋಗ ಹೆಚ್ಚಿದಾಗ ಹುಡುಗರು ಪ್ರವಾಸಿ ವೀಸಾದಲ್ಲಿ ಬಂದು ಉಳಿದುಕೊಂಡರು. ಬ್ರಾಂಕ್ಸಿನ ತಂಡಗಳು ತುಂಬಿದವು, ಆದರೆ ಕಾಗದಪತ್ರವಿಲ್ಲದ ಆಟಗಾರರಿಂದ. ಅವ್ವ ತೀರಿಕೊಂಡರೂ ಊರಿಗೆ ಹೋದರೆ ಮತ್ತೆ ಬರಲಾಗದವರಿಂದ. 1986ರ ಕಾಯಿದೆಯೊಂದು ಅಂಚೆಯಲ್ಲಿ ಮೊದಲು ತಲುಪಿದ ಅರ್ಜಿಗೆ ವೀಸಾ ಎಂದಾಗ ಒಬ್ಬೊಬ್ಬ ಐರಿಷ್ ಹುಡುಗ ನೂರಾರು ಅರ್ಜಿ ಹಾಕಿದ. 1990ರಲ್ಲಿ ಬಂದ ಇನ್ನೊಂದು ಕಾಯಿದೆಯಲ್ಲಿ, ಸಂಸದ ಬ್ರೂಸ್ ಮಾರಿಸನ್ ಅವರ ಪ್ರಯತ್ನದಿಂದ, ಮೂರು ವರ್ಷ ಕಾಲ ವರ್ಷಕ್ಕೆ 40,000 ವೀಸಾಗಳನ್ನು ಕೆಲವು ದೇಶಗಳಿಗೆಂದು ಎತ್ತಿಟ್ಟು, ಅದರಲ್ಲಿ ಕನಿಷ್ಠ ನೂರಕ್ಕೆ ನಲವತ್ತು ಪಾಲನ್ನು ಐರ್ಲೆಂಡಿಗೆ ಕೊಟ್ಟರು. ಅದೇ ಕಾಯಿದೆಯ ಇನ್ನೊಂದು ಪುಟದಲ್ಲಿ, ವರ್ಷಕ್ಕೆ 65,000 ಎಂಬ ಮಿತಿಯೊಡನೆ, ಎಚ್-1ಬಿ ಎಂಬ ವೀಸಾ ಹುಟ್ಟಿತು. ನನ್ನನ್ನು ಇಲ್ಲಿಗೆ ತಂದ ವೀಸಾ ಅದು. ಆ ಕಂಬಗಳ ಎಚ್ ನೋಡಿ ನಾನು ಒಬ್ಬನೇ ನಗುವುದಕ್ಕೆ ಇದೂ ಒಂದು ಕಾರಣ. ನಗು ಬಹಳ ಹೊತ್ತು ಇರುವುದಿಲ್ಲ. ಗ್ರೀನ್ ಕಾರ್ಡಿಗೆ ಐರ್ಲೆಂಡಿಗೂ ಭಾರತಕ್ಕೂ ಒಂದೇ ಮಿತಿ, ನೂರಕ್ಕೆ ಏಳು. ಎಲ್ಲ ದೇಶಗಳನ್ನೂ ಸಮಾನವಾಗಿ ಕಾಣುವ ಆ ಲೆಕ್ಕದಲ್ಲಿ ನಮ್ಮ ಸಾಲು ದಶಕಗಳಷ್ಟು ಉದ್ದವಾಗಿ ನಿಂತಿದೆ.

ಇಷ್ಟರ ನಡುವೆ ಆಟದೊಳಗೆ ಕಳ್ಳದಾರಿಗಳೂ ಇದ್ದವು. ಗೇಲಿಕ್ ಆಟಗಳಲ್ಲಿ ಆಟಗಾರನಿಗೆ ಸಂಬಳವಿಲ್ಲ; 82,000 ಜನ ಹಿಡಿಸುವ ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಫೈನಲ್ ಆಡಿದವನೂ ಸೋಮವಾರ ಶಾಲೆಯಲ್ಲಿ ಪಾಠ ಮಾಡಲೋ ಹೊಲಕ್ಕೋ ಹೋಗಬೇಕು. ಆದರೆ ನ್ಯೂಯಾರ್ಕಿನ ಕ್ಲಬ್ಬುಗಳ ಹಿಂದೆ ಕಟ್ಟಡದ ಕಂಟ್ರಾಕ್ಟರುಗಳಿದ್ದರು, ಊರಿನಿಂದ ಹೆಸರಾಂತ ಆಟಗಾರರನ್ನು ವಾರದ ಕೊನೆಗೆ ವಿಮಾನದಲ್ಲಿ ಕರೆಸಿ, ಕವರಿನಲ್ಲಿ ಹಣವಿಟ್ಟು ಕಳುಹಿಸುವುದು ಎಲ್ಲರಿಗೂ ಗೊತ್ತಿದ್ದ ಗುಟ್ಟಾಗಿತ್ತು. 1989ರಲ್ಲಿ ಗಾಲ್ವೇಯ ಹರ್ಲಿಂಗ್ ಆಟಗಾರ ಟೋನಿ ಕೀಡಿ, ಹಿಂದಿನ ವರ್ಷವಷ್ಟೇ ದೇಶದ ಅತ್ಯುತ್ತಮ ಆಟಗಾರನೆನ್ನಿಸಿಕೊಂಡವರು, ಇಲ್ಲಿ ಲೀಶ್ ಕ್ಲಬ್ಬಿಗೆ ತಮ್ಮ ಸಹೋದರನ ಹೆಸರಿನಲ್ಲಿ ಆಡಿ ಸಿಕ್ಕಿಬಿದ್ದು ಒಂದು ವರ್ಷ ಅಮಾನತಾದರು. ಆ ವರ್ಷ ಅವರಿಲ್ಲದ ಗಾಲ್ವೇ ಸೆಮಿಫೈನಲ್ಲಿನಲ್ಲಿ ಸೋತಿತು. ಬ್ರಾಂಕ್ಸಿನ ಒಂದು ಭಾನುವಾರಕ್ಕೆ ಗಾಲ್ವೇ ಇಷ್ಟು ಬೆಲೆ ತೆತ್ತಿತೆಂದು ಅಲ್ಲಿನವರು ಇನ್ನೂ ಹಲುಬುತ್ತಾರೆ.

ಕೌಂಟಿ ಗೊತ್ತಿಲ್ಲದ ಮಕ್ಕಳು

1990ರ ದಶಕದ ಕೊನೆಗೆ ಐರ್ಲೆಂಡ್ ಶ್ರೀಮಂತವಾಯಿತು, ಬರುವವರು ನಿಂತರು, ಇದ್ದವರಲ್ಲೂ ಅನೇಕರು ಹಿಂದಿರುಗಿದರು. 2008ರ ಕುಸಿತದ ನಂತರ ಮತ್ತೆ ಒಂದಷ್ಟು ಜನ ಬಂದರು. ಹೀಗೆ ಬಾವಿಯ ನೀರಿನಂತೆ ಏರಿಳಿಯುವ ಆಟಗಾರರನ್ನು ನಂಬಿ ಕ್ಲಬ್ ನಡೆಸಲಾಗದೆಂದು ಇಲ್ಲಿಯ ಹಿರಿಯರಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಬ್ರಾಂಕ್ಸಿನ ಉತ್ತರ ತುದಿಯ ವುಡ್‌ಲಾನ್ ಬಡಾವಣೆಯ ಕ್ಲಬ್ಬೊಂದಕ್ಕೆ ಈಗ ಯಾವ ಕೌಂಟಿಯ ಹೆಸರೂ ಇಲ್ಲ, ಅಲ್ಲಿಯ ಚರ್ಚಿನ ಹೆಸರಿದೆ: ಸೇಂಟ್ ಬಾರ್ನಬಸ್. ಆಡುವವರು ಹೆಚ್ಚಾಗಿ ಇಲ್ಲೇ ಹುಟ್ಟಿದವರು. ಅಪ್ಪ ಮೇಯೋದವರು, ಅಮ್ಮ ಟಿರೋನ್‌ನವರು ಆದರೆ ಮಗ ಯಾವ ಕೌಂಟಿಯ ಜರ್ಸಿ ತೊಡಬೇಕು ಎಂಬ ಜಗಳ ಹೀಗೆ ಬಗೆಹರಿದಿದೆ.

ನನ್ನ ಮಗಳು ಹನ್ನೊಂದು ವರ್ಷದವಳಿದ್ದಾಗ ಕನ್ನಡ ಕೂಟದ ಭಾನುವಾರದ ತರಗತಿಗೆ ಹೋಗದಿರಲು ಪ್ರತಿ ವಾರ ಒಂದೊಂದು ಹೊಸ ನೆಪ ಹುಡುಕುತ್ತಿದ್ದಳು. ಒಂದು ಸಲ ಅವಳನ್ನು ಗೇಲಿಕ್ ಪಾರ್ಕಿಗೆ ಕರೆದುಕೊಂಡು ಹೋದೆ. ದೊಡ್ಡವರ ಪಂದ್ಯಕ್ಕೆ ಮುಂಚೆ ಏಳೆಂಟು ವರ್ಷದ ಮಕ್ಕಳು ಆಡುತ್ತಿದ್ದರು, ಅವರಲ್ಲಿ ಒಬ್ಬಿಬ್ಬರ ಮುಖದಲ್ಲಿ ಐರ್ಲೆಂಡಿನ ಸುಳಿವೇ ಇರಲಿಲ್ಲ, ಪಕ್ಕದ ಬೀದಿಯ ಡೊಮಿನಿಕನ್ ಮಕ್ಕಳಿರಬೇಕು. ಯಾರೂ ಅವರಿಗೆ ಪರಂಪರೆಯ ಬಗ್ಗೆ ಭಾಷಣ ಮಾಡುತ್ತಿರಲಿಲ್ಲ. ನಾಲ್ಕು ಹೆಜ್ಜೆ, ನಾಲ್ಕು ಹೆಜ್ಜೆ ಎಂದು ಕೂಗುತ್ತಿದ್ದರು, ಅಷ್ಟೇ. ಮನೆಗೆ ಬರುವ ದಾರಿಯಲ್ಲಿ ಮಗಳು, ‘ಅಪ್ಪಾ, ನಮ್ಮ ಕೂಟದಲ್ಲಿ ಯಾಕೆ ಯಾವಾಗಲೂ ಕೂತುಕೊಂಡೇ ಇರಬೇಕು?’ ಎಂದಳು. ರಾಜ್ಯೋತ್ಸವಕ್ಕೆ ಬಾಡಿಗೆ ಶಾಲೆಯ ಸಭಾಂಗಣದಲ್ಲಿ ನಾಲ್ಕು ಗಂಟೆ ಕಾರ್ಯಕ್ರಮ ನೋಡುವ ಶಿಕ್ಷೆಯನ್ನು ನಾನೂ ಅನುಭವಿಸಿದ್ದೇನೆ, ಸಮಿತಿಯಲ್ಲಿದ್ದು ಆ ಶಿಕ್ಷೆಯನ್ನು ವಿಧಿಸಿಯೂ ಇದ್ದೇನೆ. ನನ್ನ ಬಳಿ ಉತ್ತರವಿರಲಿಲ್ಲ. ಮುಂದಿನ ಬೇಸಿಗೆಯ ಪಿಕ್‌ನಿಕ್ಕಿನಲ್ಲಿ ಲಗೋರಿ ಆಡಿಸಿದೆವು. ಕಲ್ಲಿನ ಬಿಲ್ಲೆಗಳ ಬದಲು ಮರದ ತುಂಡುಗಳು, ಗಲಾಟೆ ಮಾತ್ರ ಅಸಲಿ.

ಲೀಟ್ರಿಮ್ ವಿರುದ್ಧ ಲೀಟ್ರಿಮ್

1999ರಿಂದ ನ್ಯೂಯಾರ್ಕ್ ತಂಡ ಐರ್ಲೆಂಡಿನ ಪಶ್ಚಿಮದ ಪ್ರಾಂತವಾದ ಕಾನಾಕ್ಟ್‌ನ ಚಾಂಪಿಯನ್‌ಶಿಪ್ಪಿನಲ್ಲಿ ಆಡುತ್ತ ಬಂದಿದೆ. ಕಾಗದಪತ್ರವಿಲ್ಲದವರು ಅಲ್ಲಿಗೆ ಹೋಗುವಂತಿಲ್ಲವಾದ್ದರಿಂದ ಅಲ್ಲಿಯವರೇ ಇಲ್ಲಿಗೆ ಬರುವ ಏರ್ಪಾಟು ಕ್ರಮೇಣ ರೂಢಿಯಾಯಿತು. ಆ ಪ್ರಾಂತದಲ್ಲಿ ಐದು ಕೌಂಟಿ. ಸರದಿಯಂತೆ ಒಂದೊಂದು ವಸಂತದಲ್ಲಿ ಒಂದೊಂದು ತಂಡ ಬ್ರಾಂಕ್ಸಿಗೆ ಬರುತ್ತದೆ. ಐದು ವರ್ಷಕ್ಕೊಮ್ಮೆ ತಮ್ಮ ಕೌಂಟಿಯ ಸರದಿ ಬಂದಾಗ ನೂರಾರು ಜನ ದುಡ್ಡು ಕೂಡಿಟ್ಟು ಜೊತೆಗೆ ಬರುತ್ತಾರೆ, ಅಣ್ಣತಮ್ಮಂದಿರನ್ನು ನೋಡುತ್ತಾರೆ, ಪಂದ್ಯ ಅದಕ್ಕೊಂದು ನೆಪ. ಜಾತ್ರೆಗೆ ದೇವರು ಇದ್ದ ಹಾಗೆ. ನ್ಯೂಯಾರ್ಕ್ ಪ್ರತಿ ಸಲವೂ ಸೋಲುತ್ತಿತ್ತು. 2016ರಲ್ಲಿ ರಾಸ್‌ಕಾಮನ್ ಎದುರು ಒಂದೇ ಪಾಯಿಂಟಿನಿಂದ, 2018ರಲ್ಲಿ ಲೀಟ್ರಿಮ್ ಎದುರು ಹೆಚ್ಚುವರಿ ಅವಧಿಯ ನಂತರ ಮತ್ತೆ ಒಂದೇ ಪಾಯಿಂಟಿನಿಂದ.

ಲೀಟ್ರಿಮ್ ಐರ್ಲೆಂಡಿನಲ್ಲೇ ಅತಿ ಕಡಿಮೆ ಜನರಿರುವ ಕೌಂಟಿ. ಕ್ಷಾಮಕ್ಕೆ ಮುಂಚಿನ 1841ರ ಜನಗಣತಿಯಲ್ಲಿ ಅಲ್ಲಿ 1,55,000 ಜನರಿದ್ದರು, 2022ರಲ್ಲಿ 35,000. ಕಾನಾಕ್ಟ್ ಪ್ರಶಸ್ತಿಯನ್ನು ಅದು ಗೆದ್ದದ್ದು ಎರಡೇ ಸಲ, 1927ರಲ್ಲಿ ಮತ್ತು 1994ರಲ್ಲಿ. ಉಳಿದವರಲ್ಲಿ ಹದಿನೈದು ಜನರನ್ನು ಆರಿಸಿ ತಂಡ ಕಟ್ಟುವ ಊರು ಅದು. ಹೋದವರೆಲ್ಲ ಸೇರಿ ಕಟ್ಟಿದ ತಂಡ ನ್ಯೂಯಾರ್ಕ್. 2023ರ ಏಪ್ರಿಲ್ 8, ಈಸ್ಟರಿನ ಹಿಂದಿನ ಶನಿವಾರ, ಮತ್ತೆ ಲೀಟ್ರಿಮ್‌ನ ಸರದಿ. ಹಿರಿಯರು ಫೋನ್ ಮಾಡಿ ಬರಹೇಳಿದರು. ಅವರಿಗಾಗ ಎಂಬತ್ತೆರಡು. ಊರಿನಿಂದ ಬಂದ ಅಣ್ಣನ ಮೊಮ್ಮಕ್ಕಳು ಹಸಿರು, ಚಿನ್ನದ ಬಣ್ಣದ ಬಾವುಟ ಹಿಡಿದು ಒಂದು ಕಡೆ, ಇಲ್ಲಿ ಹುಟ್ಟಿದ ಅವರದೇ ಮೊಮ್ಮಗ ನ್ಯೂಯಾರ್ಕಿನ ಜರ್ಸಿ ತೊಟ್ಟು ಇನ್ನೊಂದು ಕಡೆ. ನಡುವೆ ಹಿರಿಯರು, ಅವರ ಪಕ್ಕದಲ್ಲಿ ಈ ಸಲ ಚೀಲವಿಲ್ಲದೆ ನಾನು.

ನಿಗದಿತ ಸಮಯ ಮುಗಿದರೂ ಸಮ, ಹೆಚ್ಚುವರಿ ಅವಧಿ ಮುಗಿದರೂ ಸಮ, ಹದಿನೈದು ಪಾಯಿಂಟು ಅವರದು, ಹದಿನೈದು ಇವರದು, ಗೋಲು ಎರಡೂ ಕಡೆಯಿಲ್ಲ. ಪೆನಾಲ್ಟಿಗೆ ಹೋಯಿತು. ಅಡ್ಡಪಟ್ಟಿಯ ಮೇಲಿನ ಆಕಾಶಕ್ಕೆ ಇನ್ನು ಲೆಕ್ಕವಿಲ್ಲ, ಬಲೆಯೊಂದೇ ಎಂದಾಯಿತು. ಮಗ್ಗುಲಲ್ಲಿ ರೈಲು ಹೋಗುತ್ತಿತ್ತು. ಕಿಟಕಿಯಲ್ಲಿ ಯಾರಾದರೂ ಕ್ರಿಕೆಟ್ ಚೀಲ ಹಿಡಿದು ಇತ್ತ ನೋಡುತ್ತಿದ್ದಾರೆಯೇ ಎಂದು ಒಂದು ಕ್ಷಣ ಕಣ್ಣು ಅತ್ತ ಹೋಯಿತು. ನ್ಯೂಯಾರ್ಕ್ 3-2ರಿಂದ ಗೆದ್ದಿತು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಮೊದಲ ಸಲ. ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು, ಹಿರಿಯರ ಮೊಮ್ಮಗನೂ ನುಗ್ಗಿದ. ಮುಂದೆ ಸ್ಲೈಗೋಗೆ ಹೋಗಿ ತಂಡ ದೊಡ್ಡ ಅಂತರದಲ್ಲಿ ಸೋತದ್ದು ಬೇರೆ ಮಾತು.

ಹಿರಿಯರು ಎದ್ದು ನಿಂತರೇ ಹೊರತು ಚಪ್ಪಾಳೆ ತಟ್ಟಲಿಲ್ಲ. ಬಾವುಟ ಹಿಡಿದ ಹುಡುಗರು ಮುಖ ತಗ್ಗಿಸಿ ಕುಳಿತಿದ್ದ ಕಡೆಗೆ ಒಮ್ಮೆ ನೋಡಿದರು, ಮೈದಾನದ ಕಡೆಗೆ ಒಮ್ಮೆ ನೋಡಿದರು. ಯಾರ ಕಡೆ ಇದ್ದಿರಿ ಎಂದು ನಾನು ಕೇಳಬಾರದಿತ್ತು, ಕೇಳಿಬಿಟ್ಟೆ. ಅವರು ಉತ್ತರಿಸದೆ ಕೋಟಿನ ಜೇಬಿನಿಂದ ಫೋನ್ ತೆಗೆದು, ಕನ್ನಡಕ ಹಣೆಗೆ ಏರಿಸಿ, ಊರಿನಲ್ಲೇ ಉಳಿದ ತಂಗಿಯ ಹೆಸರನ್ನು ಹುಡುಕಿ ಒತ್ತಿದರು. ಅಲ್ಲಿ ಆಗ ರಾತ್ರಿ. ಅವರೂ ಪಂದ್ಯ ನೋಡುತ್ತಿದ್ದವರೇ, ಎದ್ದಿರಲೇಬೇಕು. ಫೋನ್ ರಿಂಗಾಗಿ, ರಿಂಗಾಗಿ ನಿಂತಿತು. ‘ಸಿಟ್ಟು ಬಂದಿದೆ, ಎತ್ತುತ್ತಿಲ್ಲ’ ಎಂದರು ಹಿರಿಯರು, ತುಟಿಯಂಚಿನಲ್ಲಿ ನಗುತ್ತ, ಮತ್ತೆ ಒತ್ತಿದರು.